ಕೊಡಗಿನಿಂದ ವಿಮಾನ ಹತ್ತಲು ಯಾವ ಕಡೆಗೆ ಇಳಿಯಬೇಕು? ಕಣ್ಣೂರು, ಮಂಗಳೂರು, ಮೈಸೂರು, ಬೆಂಗಳೂರು – ದೂರ, ಸಮಯ, ಖರ್ಚಿನ ಲೆಕ್ಕ

ಕೊಡಗಿನಲ್ಲಿ ರೈಲು ಹಳಿಯೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ದೆಹಲಿಗೋ ದುಬೈಗೋ ಹೊರಟವರು ಮೊದಲು ಬೆಟ್ಟ ಇಳಿಯಬೇಕು. ಎಲ್ಲರನ್ನೂ ಗೊಂದಲಕ್ಕೆ ದೂಡುವುದು ಯಾವ ಕಡೆಗೆ ಇಳಿಯಬೇಕು ಎಂಬ ಪ್ರಶ್ನೆಯೇ. ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು, ಸಂಪಾಜೆ ಘಾಟಿ ಇಳಿದರೆ ಮಂಗಳೂರು, ಕುಶಾಲನಗರದ ಕಡೆಗೆ ಇಳಿದರೆ ಮೈಸೂರು, ಇನ್ನೂ ಮುಂದೆ ಹೋದರೆ ಬೆಂಗಳೂರು.

ಟಿಕೆಟ್ ನೋಡುವ ಆಪ್‌ಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಅವು ತೋರಿಸುವುದು ವಿಮಾನ ಹಾರುವ ಸಮಯ ಮಾತ್ರ. ಬೆಂಗಳೂರು–ದೆಹಲಿ 2 ಗಂಟೆ 50 ನಿಮಿಷ, ಕಣ್ಣೂರು–ದೆಹಲಿ 3 ಗಂಟೆ 10 ನಿಮಿಷ ಎಂದು ಕಂಡಾಗ ಬೆಂಗಳೂರೇ ಮೇಲು ಅನ್ನಿಸುತ್ತದೆ. ಆ 20 ನಿಮಿಷ ಉಳಿಸಲು ರಸ್ತೆಯಲ್ಲಿ ನಾಲ್ಕು ಗಂಟೆ ಹೆಚ್ಚು ಕೂರಬೇಕು ಎಂಬುದನ್ನು ಯಾವ ಆಪ್ ಕೂಡ ಹೇಳುವುದಿಲ್ಲ. ಕೊಡಗಿನವರ ಪ್ರಯಾಣ ಉದ್ದವಾಗುವುದು, ತುಟ್ಟಿಯಾಗುವುದು, ಕೈಕೊಡುವುದು ಎಲ್ಲವೂ ನೆಲದ ಮೇಲೆಯೇ.

ಅಳೆಯಬೇಕಾದ್ದು ಏನು

ಮೊದಲನೆಯದು ಮನೆಯಿಂದ ಹೊರಟು ಆ ಊರಿನಲ್ಲಿ ಇಳಿಯುವವರೆಗಿನ ಒಟ್ಟು ಸಮಯ. ಅಂದರೆ ರಸ್ತೆ, ರಸ್ತೆಗೆ ಇಟ್ಟುಕೊಂಡ ಹೆಚ್ಚುವರಿ ಸಮಯ, ನಿಲ್ದಾಣದಲ್ಲಿ ಕಾಯುವ ಎರಡು ಗಂಟೆ (ವಿದೇಶಕ್ಕಾದರೆ ಮೂರು), ಹಾರಾಟ, ನಡುವೆ ವಿಮಾನ ಬದಲಿಸುವುದಿದ್ದರೆ ಅದೂ ಸೇರಿದ್ದು. ಎರಡನೆಯದು ಒಟ್ಟು ಖರ್ಚು: ಟಿಕೆಟ್ ಮತ್ತು ಬಾಡಿಗೆ ಕಾರು, ತಲೆಗೆ ಇಷ್ಟು ಎಂದು ಹಂಚಿದ್ದು. ಮೂರನೆಯದು ಯಾವ ತಿಂಗಳಲ್ಲಿ ಹೊರಡುತ್ತೀರಿ ಎಂಬುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಕ್ಕವೇ ಬೇರೆ. ನಾಲ್ಕನೆಯದು ಏನಾದರೂ ತಪ್ಪಿದರೆ ಮುಂದಿನ ವಿಮಾನ ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದು. ಇದನ್ನು ಜನ ಮರೆಯುತ್ತಾರೆ. ದಿನಕ್ಕೆ ಹತ್ತಾರು ವಿಮಾನ ಇರುವ ಕಡೆ ಒಂದು ತಪ್ಪಿದರೆ ಸಂಜೆಯೊಳಗೆ ಇನ್ನೊಂದು ಸಿಗುತ್ತದೆ. ದಿನಕ್ಕೆ ಒಂದೇ ಇರುವ ಕಡೆ ಒಂದು ರಾತ್ರಿ ಹೋಟೆಲ್ ಖರ್ಚು ತಲೆಗೆ ಬರುತ್ತದೆ.

ದೂರ

ಗೆರೆ ಎಳೆದು ಅಳೆದರೆ ಮಡಿಕೇರಿಯಿಂದ ಕಣ್ಣೂರು ವಿಮಾನ ನಿಲ್ದಾಣ 60 ಕಿ.ಮೀ. ಕೂಡ ಇಲ್ಲ, ರಸ್ತೆಯಲ್ಲಿ ಹೋದರೆ 90. ಬೆಂಗಳೂರು ನಿಲ್ದಾಣ ಗೆರೆಯಲ್ಲಿ 230, ರಸ್ತೆಯಲ್ಲಿ 290. ಘಾಟಿ ಇರುವ ಕಡೆ ರಸ್ತೆ ಒಂದೂವರೆ ಪಟ್ಟು ಉದ್ದವಾಗುತ್ತದೆ, ಬಯಲಿನಲ್ಲಿ ಕಾಲು ಭಾಗ ಮಾತ್ರ ಹೆಚ್ಚು. ಹೋಟೆಲ್, ಹೋಮ್‌ಸ್ಟೇ ಬುಕಿಂಗ್ ಪುಟಗಳಲ್ಲಿ "ಹತ್ತಿರದ ವಿಮಾನ ನಿಲ್ದಾಣ" ಎಂದು ಕಾಣುವ ಅಂಕಿ ಎಷ್ಟೋ ಸಲ ಗೆರೆಯ ಅಳತೆಯೇ ಆಗಿರುತ್ತದೆ. ಅದನ್ನು ನಂಬಿ ಹೊರಡುವ ಹೊತ್ತು ನಿಗದಿ ಮಾಡಬೇಡಿ.

ರಸ್ತೆ ದೂರ ಹೀಗಿದೆ. ಹಿಡಿಯುವ ದಾರಿ ನೋಡಿಕೊಂಡು ಐದು–ಹತ್ತು ಕಿ.ಮೀ. ಆಚೀಚೆ ಆಗಬಹುದು.

| ಎಲ್ಲಿಂದ | ಕಣ್ಣೂರು | ಮಂಗಳೂರು | ಮೈಸೂರು | ಬೆಂಗಳೂರು |
|---|---|---|---|---|
| ಮಡಿಕೇರಿ | 90 | 140 | 125 | 290 |
| ವಿರಾಜಪೇಟೆ | 60 | 170 | 115 | 285 |
| ಕುಶಾಲನಗರ | 110 | 170 | 98 | 260 |
| ಸೋಮವಾರಪೇಟೆ | 130 | 180 | 135 | 290 |

ಕಾರಿನಲ್ಲಿ ಮಡಿಕೇರಿಯಿಂದ ಒಳ್ಳೆಯ ದಿನದಲ್ಲಿ ಕಣ್ಣೂರಿಗೆ ಎರಡೂವರೆಯಿಂದ ಎರಡೂ ಮುಕ್ಕಾಲು ಗಂಟೆ, ಮೈಸೂರಿಗೆ ಮೂರು, ಮಂಗಳೂರಿಗೆ ಮೂರೂ ಮುಕ್ಕಾಲು, ಬೆಂಗಳೂರಿಗೆ ಆರರಿಂದ ಏಳು.

ಕಣ್ಣೂರು: ಹತ್ತಿರ, ಆದರೆ ಮಾಕುಟ್ಟ ದಾಟಬೇಕು

ಮಟ್ಟನ್ನೂರಿನಲ್ಲಿರುವ ಈ ನಿಲ್ದಾಣ 2018ರ ಡಿಸೆಂಬರ್ 9ರಂದು ಶುರುವಾಯಿತು. ರನ್‌ವೇ 3,050 ಮೀಟರ್ ಉದ್ದವಿದೆ, ಅಂದರೆ ಮಂಗಳೂರಿನದಕ್ಕಿಂತ 600 ಮೀಟರ್ ಹೆಚ್ಚು. ವಿರಾಜಪೇಟೆ, ಅಮ್ಮತ್ತಿ, ಗೋಣಿಕೊಪ್ಪ, ಪೊನ್ನಂಪೇಟೆಯವರಿಗೆ ಇದಕ್ಕಿಂತ ಹತ್ತಿರದ ನಿಲ್ದಾಣ ಇಲ್ಲ. ನಾಪೋಕ್ಲಿನವರೂ ಮಡಿಕೇರಿಗೆ ಹತ್ತದೆ ನೇರ ವಿರಾಜಪೇಟೆಗೆ ಬಂದು ಇಳಿಯಬಹುದು.

ದಾರಿ ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ಮಟ್ಟನ್ನೂರು. ಪೆರುಂಬಾಡಿ ಚೆಕ್‌ಪೋಸ್ಟ್ ದಾಟಿದ ಮೇಲೆ ಕೂಟುಪುಳ ಸೇತುವೆವರೆಗೆ ಬ್ರಹ್ಮಗಿರಿಯ ಕಾಡು. ರಸ್ತೆ ಕಿರಿದು, ತಿರುವು ಹೆಚ್ಚು, ಮೊಬೈಲ್ ಸಿಗ್ನಲ್ ಬಹಳ ದೂರ ಸಿಗುವುದಿಲ್ಲ. ಬೋರ್ಡಿಂಗ್ ಪಾಸನ್ನೂ ಮ್ಯಾಪನ್ನೂ ವಿರಾಜಪೇಟೆಯಲ್ಲಿರುವಾಗಲೇ ಫೋನಿಗೆ ಇಳಿಸಿಕೊಳ್ಳಿ. ಪೆಟ್ರೋಲನ್ನೂ ಅಲ್ಲೇ ತುಂಬಿಸಿ, ಕೇರಳದಲ್ಲಿ ದರ ಹೆಚ್ಚು. ಕಾಡಿನ ನಡುವೆ ಲಾರಿಯೊಂದು ಕೆಟ್ಟು ನಿಂತರೆ ಹಿಂದಿನವರಿಗೆ ಬದಲಿ ದಾರಿ ಇಲ್ಲ. ಆದ್ದರಿಂದ ಬೇಸಿಗೆಯಲ್ಲೂ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಮಳೆಗಾಲದಲ್ಲಿ ಮುಕ್ಕಾಲು ಗಂಟೆ ಸಾಲದು. 2018ರ ಮಳೆಗೆ ಈ ಘಾಟಿಯಲ್ಲಿ ಬರೆ ಕುಸಿದು ರಸ್ತೆ ಹಾಳಾಗಿತ್ತು. ಆಮೇಲಿನ ಮಳೆಗಾಲಗಳಲ್ಲೂ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದು ರೂಢಿಯಾಗಿದೆ. ಜುಲೈ–ಆಗಸ್ಟ್‌ನಲ್ಲಿ ಹೊರಡುವವರು ಹಿಂದಿನ ದಿನವೇ ಜಿಲ್ಲಾಧಿಕಾರಿಗಳ ಆದೇಶ ಇದೆಯೇ ಎಂದು ನೋಡಿಕೊಳ್ಳಬೇಕು. ಬೆಳಗಿನ ವಿಮಾನವಾದರೆ ಹಿಂದಿನ ಸಂಜೆಯೇ ಘಾಟಿ ಇಳಿದು ಇರಿಟ್ಟಿಯಲ್ಲೋ ಮಟ್ಟನ್ನೂರಿನಲ್ಲೋ ಉಳಿಯುವುದು ಕ್ಷೇಮ.

ಇನ್ನೊಂದು ವಿಷಯ ಹರತಾಳ. ಕಣ್ಣೂರು ಜಿಲ್ಲೆಗೆ ಅದು ಹೊಸದಲ್ಲ, ಒಂದು ದಿನದ ಮುನ್ಸೂಚನೆಯಲ್ಲೇ ಬರಬಹುದು. ವಿಮಾನ ನಿಲ್ದಾಣಕ್ಕೆ ಹೋಗುವ ಗಾಡಿಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಆದರೂ ಟಿಕೆಟ್ಟಿನ ಪ್ರಿಂಟ್ ಕೈಯಲ್ಲಿರಲಿ. ಹಳದಿ ಬೋರ್ಡಿನ ಕಾರು ಮಾಡುವುದಾದರೆ ಕೇರಳಕ್ಕೆ ಪರ್ಮಿಟ್ ಇದೆಯೇ, ಅದರ ಹಣ ಬಾಡಿಗೆಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ. ಗಡಿಯಲ್ಲಿ ನಿಂತು ಜಗಳ ಮಾಡುವ ಸಮಯ ನಿಮಗಿರುವುದಿಲ್ಲ.

ಕಾರು ಬೇಡವೆಂದರೆ ವಿರಾಜಪೇಟೆಯಿಂದ ಇರಿಟ್ಟಿ, ಮಟ್ಟನ್ನೂರು ಮೂಲಕ ಕಣ್ಣೂರಿಗೆ ಹೋಗುವ ಬಸ್ಸುಗಳಿವೆ. ಮಟ್ಟನ್ನೂರು ಪೇಟೆಯಲ್ಲಿ ಇಳಿದು ಆಟೋ ಹಿಡಿದರೆ ನಿಲ್ದಾಣ ಕೆಲವೇ ಕಿ.ಮೀ.

ಕಣ್ಣೂರಿನ ದೊಡ್ಡ ಕೊರತೆ ಬೇರೆ. ವಿದೇಶಿ ವಿಮಾನ ಕಂಪನಿಗಳಿಗೆ ಇಲ್ಲಿಂದ ಹಾರಲು ಬೇಕಾದ ಕೇಂದ್ರದ ಅನುಮತಿ ಸಿಕ್ಕದೆ, ಗಲ್ಫ್ ವಿಮಾನಗಳನ್ನೆಲ್ಲ ಭಾರತದ ಕಂಪನಿಗಳೇ ನಡೆಸುತ್ತ ಬಂದಿವೆ. ದುಬೈ, ಅಬುಧಾಬಿ, ದೋಹಾ, ಮಸ್ಕತ್‌ಗಷ್ಟೇ ಹೋಗುವವರಿಗೆ ಇದರಿಂದ ತೊಂದರೆ ಇಲ್ಲ. ದುಬೈ ಮೂಲಕ ಲಂಡನ್ನಿಗೆ ಒಂದೇ ಟಿಕೆಟ್ಟಿನಲ್ಲಿ, ಲಗೇಜು ಅಲ್ಲೇ ಹೋಗಿ ಸೇರುವಂತೆ ಹೋಗಬೇಕೆಂದರೆ ಮಾತ್ರ ಕಣ್ಣೂರು ಸರಿಹೊಂದುವುದಿಲ್ಲ. ದೇಶದೊಳಗೂ ನೇರ ವಿಮಾನಗಳು ಕಡಿಮೆ. ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಗೆ, ಚಳಿಗಾಲದ್ದು ಅಕ್ಟೋಬರ್ ಕೊನೆಗೆ ಬದಲಾಗುತ್ತದೆ. ಕಳೆದ ವರ್ಷ ಇದ್ದ ವಿಮಾನ ಈ ವರ್ಷವೂ ಇದೆ ಎಂದುಕೊಳ್ಳಬೇಡಿ.

ಮಂಗಳೂರು

ಮಡಿಕೇರಿಯಿಂದ ಮದೆನಾಡು, ಜೋಡುಪಾಲ, ಸಂಪಾಜೆ, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್, ಅಲ್ಲಿಂದ ಬಜಪೆ. ರಾಷ್ಟ್ರೀಯ ಹೆದ್ದಾರಿ 275 ಆದ್ದರಿಂದ ಮಾಕುಟ್ಟಕ್ಕಿಂತ ಅಗಲ, ದಾರಿಯುದ್ದಕ್ಕೂ ಊರುಗಳಿವೆ, ಬಸ್ಸೂ ಧಾರಾಳ. ಕಾಡಿನ ನಡುವೆ ಸಿಗ್ನಲ್ ಇಲ್ಲದೆ ಸಿಕ್ಕಿಹಾಕಿಕೊಳ್ಳುವ ಭಯ ಕಡಿಮೆ.

ಮುಂಬೈಗೆ ಹೋಗುವವರಿಗೆ ಈ ನಿಲ್ದಾಣ ನಿಜಕ್ಕೂ ಒಳ್ಳೆಯದು. ಮಂಗಳೂರು–ಮುಂಬೈ ನೇರ ದೂರ ಸುಮಾರು 715 ಕಿ.ಮೀ., ಹಾರಾಟ ಒಂದೂವರೆ ಗಂಟೆ. ಕಣ್ಣೂರಿನಿಂದ ಅದೇ ಮುಂಬೈ 845 ಕಿ.ಮೀ., ಬೆಂಗಳೂರಿನಿಂದ 835. ಮುಂಬೈ ವಿಮಾನಗಳೂ ಮಂಗಳೂರಿನಲ್ಲಿ ಕಣ್ಣೂರಿಗಿಂತ ಹೆಚ್ಚು. ಒಂದು ರದ್ದಾದರೆ ಇನ್ನೊಂದು ಸಿಗುವ ಸಾಧ್ಯತೆ ಇದೆ.

ಕೊರತೆ ಎರಡು. ಮೊದಲನೆಯದು ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಬೆಟ್ಟ ಕುಸಿದು ಈ ಹೆದ್ದಾರಿಯೇ ಮುಚ್ಚಿಹೋಗಿತ್ತು. 2024ರ ಜುಲೈಯಲ್ಲಿ ಮದೆನಾಡಿನ ಕರ್ತೋಜಿ ಬಳಿ ರಾತ್ರಿ ಸಂಚಾರವನ್ನೇ ನಿಲ್ಲಿಸಿದ್ದರು. ಬೆಳಗ್ಗೆ 6ರ ವಿಮಾನಕ್ಕೆ ಮಧ್ಯರಾತ್ರಿ ಹೊರಡುವವರಿಗೆ ಇಂಥ ಆದೇಶ ಬಂದರೆ ಆಟ ಮುಗಿಯಿತು. ಎರಡನೆಯದು ನಿಲ್ದಾಣದ ಜಾಗ. ಬೆಟ್ಟದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ, ಉದ್ದ 2,450 ಮೀಟರ್. 2010ರ ಮೇ 22ರಂದು ಇಲ್ಲೇ ದುಬೈಯಿಂದ ಬಂದ ವಿಮಾನ ಅಪಘಾತಕ್ಕೀಡಾಗಿ 158 ಜನ ತೀರಿಕೊಂಡರು. ಹಾಗೆಂದು ಹೆದರಿ ಬಿಡಬೇಕಾಗಿಲ್ಲ. ದಿನವೂ ಇಲ್ಲಿ ವಿಮಾನಗಳು ಇಳಿಯುತ್ತಿವೆ. ಆದರೆ ಜೋರು ಮಳೆ, ಮೋಡ ಇದ್ದಾಗ ಪೈಲಟ್‌ಗಳು ಸಾಹಸಕ್ಕೆ ಹೋಗದೆ ಬೇರೆ ನಿಲ್ದಾಣಕ್ಕೆ ತಿರುಗಿಸುತ್ತಾರೆ. ಅದೇ ಸರಿಯಾದ ನಿರ್ಧಾರ. ಮಳೆಗಾಲದಲ್ಲಿ ಮಂಗಳೂರಿಗೆ ಬಂದಿಳಿಯುವವರು ಮಾತ್ರ ಅರ್ಧ ದಿನ ತಡವಾಗುವುದಕ್ಕೆ ತಯಾರಾಗಿರಬೇಕು.

ಮೈಸೂರು

ಮಂಡಕಳ್ಳಿಯ ರನ್‌ವೇ 1,740 ಮೀಟರ್. ಏರ್‌ಬಸ್, ಬೋಯಿಂಗ್‌ಗಳ ದಿನನಿತ್ಯದ ಹಾರಾಟಕ್ಕೆ ಅದು ಸಾಲದು. ಬರುವುದು 70–78 ಆಸನದ, ಪ್ರೊಪೆಲರ್ ಇರುವ ಎಟಿಆರ್. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ., ಜೆಟ್‌ನದು 800ರ ಮೇಲೆ. ಹೀಗಾಗಿ ನೇರ ದೂರ 590 ಕಿ.ಮೀ. ಇರುವ ಹೈದರಾಬಾದಿಗೆ ಒಂದೂವರೆ ಗಂಟೆಗೂ ಹೆಚ್ಚು, 390 ಕಿ.ಮೀ. ಇರುವ ಚೆನ್ನೈಗೆ ಒಂದೂಕಾಲು ಗಂಟೆ ಬೇಕು. ಹೈದರಾಬಾದಿಗೋ ಚೆನ್ನೈಗೋ ಹೋಗುವ ಕುಶಾಲನಗರದವರು ನೋಡಬಹುದು. ರಸ್ತೆಯಲ್ಲಿ ಘಾಟಿ ಇಲ್ಲ, ನಿಲ್ದಾಣ ಚಿಕ್ಕದು, ಒಳಗೆ ಹೋಗಲು ಹತ್ತು ನಿಮಿಷ ಸಾಕು. ಉಳಿದವರಿಗೆ ಅಷ್ಟು ಪ್ರಯೋಜನವಿಲ್ಲ. ಇಲ್ಲಿನ ಸೇವೆಗಳು ಶುರುವಾಗುವುದೂ ನಿಲ್ಲುವುದೂ ಹೆಚ್ಚು. ಮೂರು ತಿಂಗಳ ಮೊದಲೇ ಟಿಕೆಟ್ ತೆಗೆದರೆ ವಿಮಾನವೇ ರದ್ದಾಗಿ ಹಣ ವಾಪಸ್ ಬರುವ ಸಂಭವ ಉಂಟು.

ಬೆಂಗಳೂರು: ದೂರ, ಆದರೆ ಎಲ್ಲವೂ ಇದೆ

ದೇವನಹಳ್ಳಿಯ ನಿಲ್ದಾಣದಿಂದ ದೇಶದ ದೊಡ್ಡ ಊರುಗಳಿಗೆಲ್ಲ ದಿನಕ್ಕೆ ಹಲವು ವಿಮಾನಗಳಿವೆ. ಯುರೋಪಿಗೆ, ಸಿಂಗಾಪುರಕ್ಕೆ (ನೇರ ದೂರ 3,180 ಕಿ.ಮೀ., ಸುಮಾರು ನಾಲ್ಕೂವರೆ ಗಂಟೆ) ನೇರ ಹೋಗಬೇಕಾದರೆ ಕೊಡಗಿನವರಿಗೆ ಸಹಜವಾದ ಆಯ್ಕೆ ಇದೇ. ಪೈಪೋಟಿ ಇರುವುದರಿಂದ ಟಿಕೆಟ್ ಕೂಡ ಹೆಚ್ಚು ಸಲ ಅಗ್ಗ.

ಬೆಂಗಳೂರಿನ ಸಮಸ್ಯೆ ಬೆಂಗಳೂರೇ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದು ಕೆಂಗೇರಿ ಮುಟ್ಟುವವರೆಗೆ ಸಮಯ ಹೇಳಬಹುದು: ನಾಲ್ಕೂವರೆಯಿಂದ ಐದು ಗಂಟೆ. ಅಲ್ಲಿಂದ ಮುಂದೆ ಯಾರೂ ಹೇಳಲಾರರು. ಊರೊಳಗೆ ಹೊಕ್ಕು ಹೆಬ್ಬಾಳ ದಾಟುವ ದಾರಿ ಬೆಳಗ್ಗೆ 4ಕ್ಕೆ ಒಂದು ಗಂಟೆ, ಸಂಜೆ 6ಕ್ಕೆ ಎರಡೂವರೆ. ನೈಸ್ ರಸ್ತೆಯಲ್ಲಿ ತುಮಕೂರು ರಸ್ತೆಗೆ ಬಂದು, ಗೊರಗುಂಟೆಪಾಳ್ಯದ ಕಡೆ ತಿರುಗದೆ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಎಂದು ಸುತ್ತಿದರೆ ಕಿಲೋಮೀಟರ್ ಹೆಚ್ಚಾದರೂ ಊರಿನ ಸಿಗ್ನಲ್‌ಗಳಲ್ಲಿ ನಿಲ್ಲುವುದು ತಪ್ಪುತ್ತದೆ. ಸಂಜೆ ಹೊತ್ತಿಗೆ ಇದೇ ಮೇಲು. ಸೋಮವಾರಪೇಟೆ, ಶನಿವಾರಸಂತೆಯವರು ಮೈಸೂರಿನ ಕಡೆ ಬರಲೇಬೇಕಾಗಿಲ್ಲ. ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೂಲಕ ನೆಲಮಂಗಲಕ್ಕೇ ಬಂದು ಅದೇ ದಾರಿ ಸೇರಬಹುದು. ದೂರ ಹೆಚ್ಚುಕಮ್ಮಿ ಅಷ್ಟೇ.

ಕುಟ್ಟ, ಶ್ರೀಮಂಗಲದ ಕಡೆಯವರಿಗೆ ಒಂದು ಎಚ್ಚರಿಕೆ. ಕುಟ್ಟದಿಂದ ನಾಗರಹೊಳೆ ಕಾಡಿನ ಮೂಲಕ ಹುಣಸೂರಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ರಾತ್ರಿ ಹೊರಡುವುದಾದರೆ ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ದಾರಿಯ ಲೆಕ್ಕ ಹಾಕಿ. ತಿತಿಮತಿಯಿಂದ ಆಚೆ ಆನೆ ಅಡ್ಡ ಬರುವುದೂ ಇದೆ, ಗಾಡಿ ಓಡಿಸುವವರಿಗೆ ನಿದ್ದೆ ಸರಿಯಾಗಿ ಆಗಿರಲಿ.

ಬಸ್ಸಿನವರಿಗೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ನಿಲ್ದಾಣಕ್ಕೇ ಹೋಗುತ್ತದೆ, ಮೈಸೂರಿನವರೆಗೆ ಕೊಡಗಿನ ಯಾವ ಬಸ್ಸಾದರೂ ಆಯಿತು. ಒಬ್ಬರೇ ಹೋಗುವವರಿಗೆ ಇದಕ್ಕಿಂತ ಅಗ್ಗದ, ನೆಮ್ಮದಿಯ ದಾರಿ ಬೆಂಗಳೂರಿಗೆ ಇಲ್ಲ. ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ, ವಿದೇಶದ ವಿಮಾನಗಳೆಲ್ಲ ಎರಡನೆಯದರಿಂದ. ದೇಶದೊಳಗಿನದಾದರೆ ಟಿಕೆಟ್ಟಿನಲ್ಲಿ ಟಿ1, ಟಿ2 ಯಾವುದೆಂದು ನೋಡಿಯೇ ಇಳಿಯಿರಿ.

ಮೂರು ಊರುಗಳ ಲೆಕ್ಕ, ಮಡಿಕೇರಿಯಿಂದ

ದೆಹಲಿ. ಬೆಂಗಳೂರಿನಿಂದ: ರಸ್ತೆ ಆರೂವರೆ, ಹೆಚ್ಚುವರಿ ಒಂದು, ಕಾಯುವುದು ಎರಡು, ಹಾರಾಟ 2:50. ಒಟ್ಟು 12 ಗಂಟೆ 20 ನಿಮಿಷ. ಮಂಗಳೂರಿನಿಂದ ನೇರ ವಿಮಾನವಿದ್ದರೆ: 3:45, 0:45, 2:00, ಹಾರಾಟ 2:55 ಸೇರಿ 9 ಗಂಟೆ 25 ನಿಮಿಷ. ಕಣ್ಣೂರಿನಿಂದ ನೇರ ವಿಮಾನವಿದ್ದರೆ: 2:45, 0:45, 2:00, 3:10 ಸೇರಿ 8 ಗಂಟೆ 40 ನಿಮಿಷ. ಅದೇ ಕಣ್ಣೂರಿನಿಂದ ಮುಂಬೈಯಲ್ಲಿ ಇಳಿದು ಹತ್ತುವ ಟಿಕೆಟ್ ಆದರೆ ಇನ್ನೂ ಮೂರು–ನಾಲ್ಕು ಗಂಟೆ ಸೇರಿ ಬೆಂಗಳೂರಿನ ಲೆಕ್ಕಕ್ಕೇ ಬಂದು ನಿಲ್ಲುತ್ತದೆ. ಅಂದರೆ ಹತ್ತಿರದ ನಿಲ್ದಾಣ ಲಾಭವಾಗುವುದು ನೇರ ವಿಮಾನ ಇದ್ದಾಗ ಮಾತ್ರ.

ಮುಂಬೈ. ಮಂಗಳೂರಿನಿಂದ ಎಂಟು ಗಂಟೆ, ಕಣ್ಣೂರಿನಿಂದ ಏಳೂಕಾಲು. ಮುಕ್ಕಾಲು ಗಂಟೆಯ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳದೆ ಟಿಕೆಟ್ ದರ, ವಿಮಾನದ ಹೊತ್ತು ನೋಡಿ ಆರಿಸಿ. ಬೆಂಗಳೂರಿನಿಂದ ಹನ್ನೊಂದು ಗಂಟೆಗೂ ಹೆಚ್ಚು. ಮುಂಬೈಗೆಂದು ಬೆಂಗಳೂರಿಗೆ ಹೋಗುವುದರಲ್ಲಿ ಅರ್ಥವಿಲ್ಲ, ಅಲ್ಲಿ ಬೇರೆ ಕೆಲಸವಿದ್ದರೆ ಮಾತು ಬೇರೆ.

ದುಬೈ. ನೇರ ದೂರ ಮಂಗಳೂರಿನಿಂದ ಸುಮಾರು 2,460 ಕಿ.ಮೀ., ಕಣ್ಣೂರಿನಿಂದ 2,590, ಬೆಂಗಳೂರಿನಿಂದ 2,700. ಹಾರಾಟ ಈ ಮೂರೂ ನಿಲ್ದಾಣಗಳಿಂದ ನಾಲ್ಕು ಗಂಟೆಯ ಆಸುಪಾಸು. ಬರುವಾಗ ಸ್ವಲ್ಪ ಕಡಿಮೆ, ಏಕೆಂದರೆ ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಚಳಿಗಾಲದಲ್ಲಿ ಬೆನ್ನಿಗೆ ತಳ್ಳುತ್ತದೆ. ಟಿಕೆಟ್ಟಿನಲ್ಲಿ ಬೆಳಗ್ಗೆ 10ಕ್ಕೆ ಹೊರಟು 12:20ಕ್ಕೆ ತಲುಪುತ್ತದೆ ಎಂದಿದ್ದರೆ ಎರಡೇ ಗಂಟೆಯ ದಾರಿ ಎಂದುಕೊಳ್ಳಬೇಡಿ. ಯುಎಇ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಕತಾರ್, ಸೌದಿಯದು ಎರಡೂವರೆ ಗಂಟೆ ಹಿಂದೆ. ಕರೆದೊಯ್ಯಲು ಬರುವವರಿಗೆ ಅಲ್ಲಿನ ಗಂಟೆಯನ್ನೇ ಹೇಳಿ.

ಎಷ್ಟು ಜನ ಹೋಗುತ್ತೀರಿ?

ಬಾಡಿಗೆ ಕಾರಿನಲ್ಲಿ ನಿಮ್ಮನ್ನು ಬಿಟ್ಟು ಖಾಲಿ ಬರುವ ದಾರಿಗೂ ಹಣ ಕೊಡಬೇಕು. ಲೆಕ್ಕಕ್ಕೆ ಕಿಲೋಮೀಟರಿಗೆ 14 ರೂಪಾಯಿ ಎಂದು ಹಿಡಿಯೋಣ, ನಿಮ್ಮೂರಿನ ದರ ಹಾಕಿ ತಿದ್ದಿಕೊಳ್ಳಿ. ಮಡಿಕೇರಿಯಿಂದ ಕಣ್ಣೂರಿಗೆ ಹೋಗಿಬರುವ 180 ಕಿ.ಮೀ.ಗೆ 2,520 ರೂ., ಮಂಗಳೂರಿನ 280ಕ್ಕೆ 3,920, ಬೆಂಗಳೂರಿನ 580ಕ್ಕೆ 8,120. ಟೋಲ್ ಬೇರೆ. ಕಣ್ಣೂರಿಗೂ ಬೆಂಗಳೂರಿಗೂ ವ್ಯತ್ಯಾಸ 5,600 ರೂ.

ಒಬ್ಬರೇ ಕಾರಿನಲ್ಲಿ ಹೋಗುವುದಾದರೆ ಬೆಂಗಳೂರಿನ ಟಿಕೆಟ್ ಕಣ್ಣೂರಿನದಕ್ಕಿಂತ 5,600ಕ್ಕೂ ಹೆಚ್ಚು ಅಗ್ಗವಿದ್ದರೆ ಮಾತ್ರ ಲಾಭ. ನಾಲ್ವರು ಹೋದರೆ ತಲೆಗೆ 1,400 ಅಗ್ಗವಿದ್ದರೆ ಸಾಕು, ಅಷ್ಟು ವ್ಯತ್ಯಾಸ ಸುಲಭವಾಗಿ ಸಿಗುತ್ತದೆ. ಅದಕ್ಕೇ ಒಬ್ಬರು, ಇಬ್ಬರು ಹತ್ತಿರದ ನಿಲ್ದಾಣಕ್ಕೆ ಹೋಗುವುದು, ಮನೆಮಂದಿಯೆಲ್ಲ ಹೊರಟಾಗ ಬೆಂಗಳೂರಿನ ದರವನ್ನೂ ನೋಡುವುದು ಸರಿ. ಒಬ್ಬರೇ ಬಸ್ಸಿನಲ್ಲಿ ಹೋಗುವುದಾದರೆ ಈ ಲೆಕ್ಕ ತಲೆಕೆಳಗಾಗುತ್ತದೆ: ಹಣ ಉಳಿಸಲು ಬೆಂಗಳೂರು, ಸಮಯ ಉಳಿಸಲು ಕಣ್ಣೂರು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ತಲೆಗೆ ಎರಡು ಸಾವಿರ ಹೆಚ್ಚಾದರೂ ಏಳು ಗಂಟೆಯ ರಸ್ತೆ ತಪ್ಪಿಸುವುದೇ ವಾಸಿ.

ಕಣ್ಣೂರಿನಿಂದಲೋ ಮಂಗಳೂರಿನಿಂದಲೋ ಚಿಕ್ಕ ವಿಮಾನದಲ್ಲಿ ಬೆಂಗಳೂರಿಗೆ ಬಂದು ಅಲ್ಲಿಂದ ವಿದೇಶಕ್ಕೆ ಹಾರುವ ಉಪಾಯವನ್ನೂ ಕೆಲವರು ಮಾಡುತ್ತಾರೆ. ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ (ಒಂದೇ ಬುಕಿಂಗ್ ಸಂಖ್ಯೆಯಲ್ಲಿ) ಒಳ್ಳೆಯದು. ಮೊದಲಿನದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ನಷ್ಟ ಪೂರ್ತಿ ನಿಮ್ಮದು. ಆಗ ನಡುವೆ ನಾಲ್ಕು ಗಂಟೆಯಾದರೂ ಇರಲಿ, ಮಳೆಗಾಲದಲ್ಲಿ ಹಿಂದಿನ ದಿನವೇ ಬನ್ನಿ.

ಹೊರಡುವ ಮೊದಲು

ದೇಶದೊಳಗಿನ ವಿಮಾನಕ್ಕೆ ಲಗೇಜು ಕೌಂಟರ್ 60 ನಿಮಿಷ ಮೊದಲೇ ಮುಚ್ಚುತ್ತದೆ, ವಿದೇಶದ್ದು ಇನ್ನೂ ಬೇಗ ಮುಚ್ಚಬಹುದು. ಕುಶಾಲನಗರ, ಮಡಿಕೇರಿ ನಡುವೆ ವಾರಾಂತ್ಯದಲ್ಲಿ, ದಸರಾ ದಿನಗಳಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಪ್ರವಾಸಿಗಳ ಕಾರು ಸಾಲುಗಟ್ಟುತ್ತವೆ. ಶನಿವಾರ ಬೆಳಗ್ಗೆ ಅವರು ಹತ್ತುತ್ತಾರೆ, ಭಾನುವಾರ ಮಧ್ಯಾಹ್ನ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಅದೇ ದಿಕ್ಕಿಗೆ ಹೋಗಬೇಕಾದರೆ ಒಂದು ಗಂಟೆ ಸೇರಿಸಿ.

ಸಾಮಾನು ಕಟ್ಟುವಾಗ ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ ರಸ), ಜೇನುತುಪ್ಪದ ಬಾಟಲಿಗಳನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆಸುತ್ತಾರೆ. ಮುಚ್ಚಳಕ್ಕೆ ಟೇಪ್ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಲಗೇಜಿಗೆ ಹಾಕಿ. ಮದುವೆಗೆಂದು ಕೊಡವ ಉಡುಗೆಯಾದ ಕುಪ್ಯಚೇಲೆಯ ಜೊತೆ ಒಯ್ಯುವ ಪೀಚೆಕತ್ತಿಯೂ ಲಗೇಜಿನಲ್ಲೇ ಹೋಗಬೇಕು. ಒಣ ಕೊಬ್ಬರಿಯನ್ನು ಲಗೇಜಿಗೆ ಬಿಡುವುದಿಲ್ಲ, ಎಣ್ಣೆಯಂಶದಿಂದ ಬೆಂಕಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿದೆ. ಗಲ್ಫಿಗೆ ಹೋಗುವವರು ಮಸಾಲೆ ಪೊಟ್ಟಣಗಳಲ್ಲಿ ಗಸಗಸೆ ಇಲ್ಲ ಎಂದು ಎರಡು ಸಲ ನೋಡಿ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಿಗೂ ಹೋಗಬೇಕಾದೀತು.

ಹೋಗುವುದೂ ಬರುವುದೂ ಒಂದೇ ನಿಲ್ದಾಣದಿಂದ ಆಗಬೇಕೆಂದಿಲ್ಲ. ಬೆಳಕಿರುವಾಗ ಕಣ್ಣೂರಿನಿಂದ ಹೊರಟವರು, ಬರುವ ವಿಮಾನ ರಾತ್ರಿ 11ಕ್ಕೆ ಇಳಿಯುವಂತಿದ್ದರೆ ಬೆಂಗಳೂರಿಗೆ ಬಂದು ಬೆಳಗಿನ ಬಸ್ಸು ಹಿಡಿಯಬಹುದು. ಇಲ್ಲವೇ ಮಟ್ಟನ್ನೂರಿನಲ್ಲೇ ಮಲಗಿ, ಬೆಳಗಾದ ಮೇಲೆ ಮಾಕುಟ್ಟ ಹತ್ತಿದರಾಯಿತು.